ಅರ್ಹ ಅಮೆರಿಕನ್ ಯಾರೂ ಸಿಗಲಿಲ್ಲ

ಗದಿಗೆಪ್ಪನಿಗೆ ಗ್ರೀನ್ ಕಾರ್ಡ್ ಸಿಗಬೇಕಾದರೆ, ಅವನು ಮಾಡುತ್ತಿದ್ದ ಕೆಲಸಕ್ಕೆ ಅರ್ಹನಾದ ಅಮೆರಿಕನ್ ಒಬ್ಬನೂ ಸಿಗಬಾರದಿತ್ತು. ೧೯೭೧ರ ಮಾರ್ಚಿನಲ್ಲಿ ಒಬ್ಬ ಸಿಕ್ಕಿಬಿಟ್ಟ.

ಅವನ ಹೆಸರು ರೇ ಕೊವಾಲ್‌ಸ್ಕಿ. ಲಾಂಗ್ ಐಲೆಂಡಿನ ವಿಮಾನ ಕಾರ್ಖಾನೆಯೊಂದರಲ್ಲಿ ತಲೆಗೂದಲು ನರೆಯುವವರೆಗೆ ದುಡಿದು, ಹಿಂದಿನ ಚಳಿಗಾಲದಲ್ಲಿ ನೂರಾರು ಜನರ ಜೊತೆ ಮನೆಗೆ ಕಳಿಸಲ್ಪಟ್ಟ ಇಂಜಿನಿಯರ್. ಬ್ರಿಡ್ಜ್‌ವಾಟರ್ ಹತ್ತಿರದ ಥಾರ್ನ್‌ಲಿ ವಾಲ್ವ್ ಕಂಪನಿ ಪತ್ರಿಕೆಯಲ್ಲಿ ಹಾಕಿದ್ದ ಜಾಹೀರಾತು ನೋಡಿಕೊಂಡು ಬಂದಿದ್ದ. ಆ ಜಾಹೀರಾತು ಯಾರೂ ಬರಬಾರದು ಅಂತಲೇ ಹಾಕಿದ್ದು. ಒಂದೆರಡು ವರ್ಷದ ಹಿಂದಾದರೆ ಅದೂ ಬೇಕಿರಲಿಲ್ಲ. ಇಂಜಿನಿಯರ್ ಅಂದರೆ ಸರ್ಕಾರ ಹೆಚ್ಚಿಗೆ ಕೇಳುತ್ತಿರಲಿಲ್ಲ. ಈಗ ಅಮೆರಿಕದ ಇಂಜಿನಿಯರುಗಳೇ ನಿರುದ್ಯೋಗ ಭತ್ಯೆಯ ಸಾಲಿನಲ್ಲಿ ನಿಂತಿದ್ದರು. ಪರದೇಶದವನನ್ನು ಕಾಯಂ ಇಟ್ಟುಕೊಳ್ಳುವ ಕಂಪನಿ, ‘ಇಲ್ಲಿಯವರನ್ನು ಹುಡುಕಿದೆವು, ಅರ್ಹರು ಸಿಗಲಿಲ್ಲ’ ಎಂದು ಕಾರ್ಮಿಕ ಇಲಾಖೆಗೆ ತೋರಿಸಬೇಕಿತ್ತು. ಇಲಾಖೆ ಒಪ್ಪಿ ಸರ್ಟಿಫಿಕೇಟ್ ಕೊಟ್ಟರೆ ಮಾತ್ರ ವಲಸೆ ಕಚೇರಿಯ ಬಾಗಿಲು ತೆರೆಯುತ್ತಿತ್ತು.

ಗದಿಗೆಪ್ಪ ರಾಣೆಬೆನ್ನೂರಿನವನು. ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಮುಗಿಸಿ, ಎಂ.ಎಸ್. ಮಾಡಲು ನ್ಯೂವಾರ್ಕ್‌ಗೆ ಬಂದು ಮೂರು ವರ್ಷವಾಗಿತ್ತು. ಓದು ಮುಗಿದ ಮೇಲೆ ವಿದ್ಯಾರ್ಥಿ ವೀಸಾದ ಮೇಲೆಯೇ ಒಂದೂವರೆ ವರ್ಷ ತರಬೇತಿ ಎಂದು ಕೆಲಸ ಮಾಡಬಹುದಿತ್ತು. ಆ ಗಡುವು ವರ್ಷದ ಕೊನೆಗೆ ಮುಗಿಯುತ್ತಿತ್ತು. ಕಾರ್ಖಾನೆಯಲ್ಲಿ ಎರಕ ಹೊಯ್ದ ದೊಡ್ಡ ವಾಲ್ವ್‌ಗಳ ಎಕ್ಸ್‌ರೇ ತೆಗೆಯುತ್ತಿದ್ದರು. ಆ ಫಿಲ್ಮನ್ನು ಬೆಳಕಿನ ಪೆಟ್ಟಿಗೆಯ ಮೇಲಿಟ್ಟು, ಲೋಹದ ಒಳಗೆ ಬಿರುಕಿದೆಯೇ, ಗಾಳಿಗುಳ್ಳೆ ಇದೆಯೇ ಎಂದು ನೋಡಿ ಪಾಸು ಮಾಡುವುದೋ ತಿರಸ್ಕರಿಸುವುದೋ ಅವನ ಕೆಲಸ.

ಅವನ ಮೇಲಿನವರು ಪ್ರಾಣೇಶರು. ಮೈಸೂರಿನವರು, ಹತ್ತು ವರ್ಷ ಹಿರಿಯರು. ವಲಸೆ ಕಾನೂನು ಸಡಿಲವಾದ ಹೊಸದರಲ್ಲೇ ಕಾರ್ಡ್ ಪಡೆದು, ಬ್ರಿಡ್ಜ್‌ವಾಟರಿನಲ್ಲಿ ಮನೆ ಕೊಂಡು, ಗುಣಮಟ್ಟ ಪರೀಕ್ಷೆಯ ವಿಭಾಗಕ್ಕೆ ಮುಖ್ಯಸ್ಥರಾಗಿದ್ದರು. ಗದಿಗೆಪ್ಪನನ್ನು ಕೆಲಸಕ್ಕೆ ಸೇರಿಸಿದ್ದೂ ಅವರೇ. ಮೊದಮೊದಲು ‘ನೀವು’ ಎನ್ನುತ್ತಿದ್ದವರು, ಕಂಪನಿ ಅವನ ಹೆಸರಿನಲ್ಲಿ ಅರ್ಜಿ ಹಾಕುತ್ತದೆ ಎಂದಾದ ವಾರದಿಂದ ‘ನೀನು’ ಎನ್ನತೊಡಗಿದರು. ಆಮೇಲೆ ಭಾನುವಾರಗಳು ಹೋದವು. ಒಂದು ಭಾನುವಾರ ಅವರ ಬೇಸ್‌ಮೆಂಟಿನ ಗೋಡೆಗೆ ಬಣ್ಣ, ಇನ್ನೊಂದು ಭಾನುವಾರ ಅವರ ಹೆಂಡತಿ ಅಲಮೇಲು ಅವರನ್ನು ಸಾಮಾನು ತರಲು ನ್ಯೂಯಾರ್ಕಿಗೆ ಕರೆದೊಯ್ಯುವುದು, ಹಿಮ ಬಿದ್ದರೆ ಮನೆಮುಂದೆ ಕಾರು ಬರುವ ಡ್ರೈವ್‌ವೇಯನ್ನು ಸಲಿಕೆಯಿಂದ ಕೆರೆಯುವುದು. ಗದಿಗೆಪ್ಪ ಒಂದಕ್ಕೂ ಇಲ್ಲ ಅಂದವನಲ್ಲ.

“ಅವರ ಮನಿ ಗ್ವಾಡಿಗೆ ಬಣ್ಣ ಹಚ್ಚೂದೂ ಆ ಸರ್ಟಿಫಿಕೇಟಿನಾಗ ಬರ್ತೈತೇನ್ರಿ?” ಎಂದು ಅವನ ಹೆಂಡತಿ ಶೈಲಮ್ಮ ಒಮ್ಮೆ ಕೇಳಿದ್ದಳು. ಅವಳು ಬಂದು ಎಂಟು ತಿಂಗಳಾಗಿತ್ತು. ಬಿ.ಎಸ್ಸಿ. ಮಾಡಿದವಳು, ಅವಳ ವೀಸಾದಲ್ಲಿ ದುಡಿಯುವಂತಿರಲಿಲ್ಲ.

“ಬಂದರ ಬರ್ಲಿ ಬಿಡು” ಎಂದಿದ್ದ ಗದಿಗೆಪ್ಪ.

ಕೊವಾಲ್‌ಸ್ಕಿ ಬಂದ ದಿನ ಪ್ರಾಣೇಶರು ಅವನನ್ನು ನೇರವಾಗಿ ಗದಿಗೆಪ್ಪನ ಕತ್ತಲೆ ಕೋಣೆಗೇ ಕರೆತಂದರು. “ನಾಲ್ಕು ಫಿಲ್ಮ್ ಕೊಡು, ಓದಲಿ” ಎಂದು ಕನ್ನಡದಲ್ಲಿ ಹೇಳಿ ಬಾಗಿಲಿನ ಪಕ್ಕ ನಿಂತರು.

ಕೊವಾಲ್‌ಸ್ಕಿ ಕೋಟು ಬಿಚ್ಚಲಿಲ್ಲ. ಕನ್ನಡಕ ಹಣೆಗೇರಿಸಿ ಫಿಲ್ಮಿನ ಮೇಲೆ ಬಾಗಿದ. “ಇದರಲ್ಲಿ ಗಾಳಿ ಸಿಕ್ಕಿಕೊಂಡಿದೆ. ಇದು ಸರಿ ಇದೆ. ಇದು ಲೋಹ ಆರುವಾಗ ಕುಗ್ಗಿದ್ದು.” ನಾಲ್ಕನೆಯದನ್ನು ಎತ್ತಿ ಓರೆ ಮಾಡಿ ನೋಡಿದ. “ಇದು ಬಿರುಕು. ವಾಲ್ವಿನ ಕತ್ತಿನ ಹತ್ತಿರ. ಇದನ್ನು ಯಾರಾದರೂ ಪಾಸು ಮಾಡಿದ್ದರೆ ಅವನನ್ನು ಕೆಲಸದಿಂದ ತೆಗೆಯಬೇಕು.”

ಅದನ್ನು ಗದಿಗೆಪ್ಪನೂ ತಿರಸ್ಕರಿಸಿದ್ದ. ಅವನು ಹೌದೆಂದು ತಲೆ ಆಡಿಸಿದ. ಕೊವಾಲ್‌ಸ್ಕಿ ಅವನ ಕಡೆ ಮೊದಲ ಸಲ ಸರಿಯಾಗಿ ನೋಡಿದ.

“ನಿನ್ನ ಕೆಲಸವೇ ಅಲ್ಲವೇ ಇದು? ನಾನು ನಿನಗಿಂತ ದಡ್ಡ ಎಂದು ತೋರಿಸಲು ಕರೆಸಿದ್ದಾರೆ. ಈ ಆಟ ಇನ್ನೂ ಎರಡು ಕಂಪನಿಗಳಲ್ಲಿ ಆಡಿ ಬಂದಿದ್ದೇನೆ.”

ಪ್ರಾಣೇಶರು ನಗುತ್ತಾ, ತಿಳಿಸುತ್ತೇವೆ ಎಂದು ಹೇಳಿ ಅವನನ್ನು ಹೊರಗೆ ಕರೆದೊಯ್ದರು.

ಮಧ್ಯಾಹ್ನ ಪ್ರಾಣೇಶರು ಗದಿಗೆಪ್ಪನನ್ನು ತಮ್ಮ ಕೋಣೆಗೆ ಕರೆದು ಬಾಗಿಲು ಮುಚ್ಚಿಸಿದರು.

“ನೋಡು ಗದಿಗೆಪ್ಪ, ಅವನಿಗೆ ಫಿಲ್ಮ್ ಓದೋಕೆ ಬರಲ್ಲ ಅಂತ ನಾಲ್ಕು ಸಾಲು ಬರೆದುಕೊಡು. ಬಿರುಕನ್ನ ಗುರುತಿಸಲಿಲ್ಲ ಅಂತ ಬರಿ, ಸಾಕು.”

“ಗುರ್ತಿಸಿದ್ರಲ್ರಿ ಸರ್. ನೀವೂ ಅಲ್ಲೇ ಇದ್ರಿ.”

“ಇದ್ದೆ. ಅದಕ್ಕೇ ಹೇಳ್ತಿರೋದು. ಅವನಿಗೆ ನೀನು ತಗೊಳ್ಳೋದರ ಎರಡರಷ್ಟು ಸಂಬಳ ಕೊಡಬೇಕು, ವಿಟ್‌ಕಂಬ್ ಒಪ್ಪಲ್ಲ. ಒಪ್ಪಿದ್ರೂ ನಂಗೆ ಬೇಡ. ನನ್ನ ಮಾತು ಕೇಳೋ ವಯಸ್ಸಲ್ಲ ಅವನದು. ಆರು ತಿಂಗಳಿಗೆ ನನ್ನ ಕುರ್ಚೀಲಿ ಕೂತಿರ್ತಾನೆ.” ವಿಟ್‌ಕಂಬ್ ಎಂದರೆ ಕಂಪನಿಯ ಮ್ಯಾನೇಜರ್.

“ಮತ್ತ ನೀವ ಬರೀರಿ ಸರ್. ವಿಭಾಗದ ಮುಖ್ಯಸ್ಥರು ನೀವು.”

ಪ್ರಾಣೇಶರ ಮುಖದ ನಗು ಹೋಯಿತು. “ಕಾರ್ಡ್ ಬೇಕಾಗಿರೋದು ನಂಗೋ ನಿಂಗೋ? ನಿನಗೋಸ್ಕರ ನಾನು ಎಷ್ಟು ಜನರ ಕಾಲು ಹಿಡಿದಿದೀನಿ ಗೊತ್ತಾ? ಊರ ಕಡೆ ಮಾತು ಬಿಟ್ಟರೆ ಇಂಗ್ಲಿಷ್ ಬಾಯಿಗೆ ಬರ್ತಿರಲಿಲ್ಲ ನಿಂಗೆ, ಸೇರಿಸಿದಾಗ. ನಾಳೆ ಬೆಳಿಗ್ಗೆ ನನ್ನ ಟೇಬಲ್ ಮೇಲೆ ಇರಬೇಕು.”

ಗದಿಗೆಪ್ಪನಿಗೆ ಎಲ್ಲಕ್ಕಿಂತ ನಾಟಿದ್ದು ಊರ ಕಡೆ ಮಾತಿನ ಹೀಯಾಳಿಕೆಯಲ್ಲ. ಸಹಿ ತನ್ನದು ಯಾಕೆ ಬೇಕು ಎನ್ನುವುದು ಆ ಹೊತ್ತಿಗೆ ಅವನಿಗೆ ಸ್ಪಷ್ಟವಾಗಿತ್ತು. ಇಲಾಖೆ ನಾಳೆ ಕೇಳಿದರೆ ಸುಳ್ಳುಗಾರ ಗದಿಗೆಪ್ಪನೇ ಆಗಬೇಕು, ಮುಖ್ಯಸ್ಥರು ತಮ್ಮ ಪರಿಣತನ ಮಾತು ನಂಬಿದರು ಅಷ್ಟೆ.

ಮನೆಗೆ ಬಂದವನು ಚಹಾ ಕುಡಿಯುತ್ತಾ ಶೈಲಮ್ಮನಿಗೆ ಎಲ್ಲ ಹೇಳಿದ. ಅವಳು ಮೆಂತ್ಯ ಸೊಪ್ಪಿನ ಬದಲು ಸಿಕ್ಕ ಪಾಲಕ್ ಬಿಡಿಸುತ್ತಾ ಕೇಳಿದಳು.

“ಆ ಮನಷ್ಯಾಗ ಕೆಲಸ ಬರ್ತೈತೋ ಇಲ್ಲೋ?”

“ಬರ್ತೈತಿ. ನನಗಿಂತ ಒಂದ್ ಕೈ ಹೆಚ್ಚ ಬರ್ತೈತಿ.”

“ಬರೀಲಿಲ್ಲಂದ್ರ?”

“ವರ್ಷದ ಕಡಿಗೆ ಗಂಟು ಕಟ್ಟಬೇಕು. ಅಪ್ಪಗ ಏನ್ ಹೇಳೂದು, ಮಂದಿಗೆ ಏನ್ ಹೇಳೂದು.”

ಅವಳು ಬಿಡಿಸಿದ ಸೊಪ್ಪನ್ನು ನೀರಿಗೆ ಹಾಕಿದಳು. “ನೀವು ಬರದ್ರೂ ನಾ ಬ್ಯಾಡ ಅನ್ನೂದಿಲ್ಲ, ಬರೀಲಿಲ್ಲಂದ್ರೂ ಬೈಯೂದಿಲ್ಲ. ಆದ್ರ ಇನ್ನ ಮ್ಯಾಲೆ ಆ ಮನಿ ಡ್ರೈವ್‌ವೇದಾಗ ಸಲಿಕಿ ಹಿಡಕೊಂಡು ನಿಂತ್ರ ಮಾತ್ರ ನಾ ಸುಮ್ನಿರೂದಿಲ್ಲ.”

ಮರುದಿನ ಗದಿಗೆಪ್ಪ ಖಾಲಿ ಕೈಯಲ್ಲಿ ಪ್ರಾಣೇಶರ ಮುಂದೆ ನಿಂತು, “ಆಗೂದಿಲ್ರಿ ಸರ್” ಎಂದ. ಕಾರಣ ಕೇಳಲಿ, ಹೇಳೋಣ ಎಂದು ಮಾತು ಜೋಡಿಸಿಕೊಂಡು ಹೋಗಿದ್ದ. ಅವರು ಕೇಳಲಿಲ್ಲ. “ಸರಿ, ಹೋಗು” ಎಂದು ಟೆಲಿಫೋನಿನ ಕಡೆ ತಿರುಗಿದರು. ಆ ದಿನದಿಂದ ಅವನಿಗೆ ಕೊಡುವ ಫಿಲ್ಮುಗಳ ರಾಶಿ ಎರಡು ಪಟ್ಟಾಯಿತು. ತಿರಸ್ಕರಿಸಬೇಕಾದದ್ದೆಂದು ಅವನು ಬರೆದು ಕಳಿಸಿದ ವಾಲ್ವ್‌ಗಳ ಬಗ್ಗೆ, ಇದ್ಯಾಕೆ, ಅದ್ಯಾಕೆ ಎಂದು ಎಲ್ಲರೆದುರು ಪ್ರಶ್ನೆಗಳು ಶುರುವಾದವು. ಊಟದ ಕೋಣೆಯಲ್ಲಿ ಪ್ರಾಣೇಶರು ಅವನಿದ್ದ ಟೇಬಲಿಗೆ ಬರುವುದನ್ನು ನಿಲ್ಲಿಸಿದರು.

ಕೊವಾಲ್‌ಸ್ಕಿ ಯಾಕೆ ಬೇಡ ಎಂಬ ಕಾರಣವನ್ನು ಕೊನೆಗೆ ಪ್ರಾಣೇಶರೇ ಬರೆದು ಕಳಿಸಿದ್ದರು. ಅದು ಗದಿಗೆಪ್ಪನಿಗೆ ಗೊತ್ತಾದದ್ದು ಏಪ್ರಿಲ್‌ನ ಒಂದು ಸಂಜೆ, ಕಾರ್ಖಾನೆಯ ಪಾರ್ಕಿಂಗ್ ಜಾಗದಲ್ಲಿ. ಕೊವಾಲ್‌ಸ್ಕಿ ಗದಿಗೆಪ್ಪನ ಹಳೆಯ ಪ್ಲಿಮತ್ ಕಾರಿಗೆ ಒರಗಿಕೊಂಡು ಕಾಯುತ್ತಿದ್ದ.

“ಬಿರುಕು ಗುರುತಿಸಲು ಬಾರದವನು ಎಂದು ನನ್ನ ಬಗ್ಗೆ ಬರೆದದ್ದು ನೀನೇನು?”

“ಅಲ್ಲ.”

“ನಿನ್ನ ಪರಿಣತ ಅಭಿಪ್ರಾಯ ಎಂದು ಹೇಳಿದ್ದಾರೆ.”

“ನಾನು ಅಭಿಪ್ರಾಯ ಕೊಟ್ಟಿಲ್ಲ.”

ಕೊವಾಲ್‌ಸ್ಕಿ ಅವನನ್ನು ಮೇಲಿಂದ ಕೆಳಗೆ ನೋಡಿದ. “ಇಷ್ಟು ವರ್ಷದಲ್ಲಿ ನನ್ನ ಕಣ್ಣನ್ನು ಯಾರೂ ಅನುಮಾನಿಸಿಲ್ಲ. ಕಾರ್ಮಿಕ ಇಲಾಖೆಯ ಉದ್ಯೋಗ ಕಚೇರಿಗೆ ದೂರು ಕೊಟ್ಟಿದ್ದೇನೆ. ಅವರು ಬರುತ್ತಾರೆ. ನೀನು ಯಾವ ದೇಶದಿಂದ ಬಂದೆಯೋ ನನಗೆ ಬೇಕಿಲ್ಲ, ನಿನ್ನ ಕಷ್ಟವೂ ಬೇಕಿಲ್ಲ. ನನಗೆ ನನ್ನ ಕೆಲಸ ಬೇಕು.”

“ನನಗೂ ಅದೇ ಬೇಕು” ಎಂದ ಗದಿಗೆಪ್ಪ. ಕೊವಾಲ್‌ಸ್ಕಿ ಕಾರಿನಿಂದ ಸರಿದು ದಾರಿ ಬಿಟ್ಟ.

ಉದ್ಯೋಗ ಕಚೇರಿಯಿಂದ ಬಂದವರು ಡೋಲನ್ ಎಂಬ ಹೆಂಗಸು, ಬೂದು ಬಣ್ಣದ ಸೂಟು, ದೊಡ್ಡ ಕೈಚೀಲ. ವಿಟ್‌ಕಂಬ್‌ನ ಕೋಣೆಯಲ್ಲಿ ಗದಿಗೆಪ್ಪನನ್ನೂ ಪ್ರಾಣೇಶರನ್ನೂ ಎದುರುಬದುರು ಕೂರಿಸಿದರು. ವಿಟ್‌ಕಂಬ್ ಗಡಿಯಾರ ನೋಡಿಕೊಳ್ಳುತ್ತಿದ್ದ. ಆಕೆ ಮೊದಲು ಪ್ರಾಣೇಶರನ್ನು ಕೇಳಿದರು. ಅವರು ಅಳುಕದೆ ಹೇಳಿದರು: ಅಭ್ಯರ್ಥಿಗೆ ವಿಮಾನದ ಲೋಹ ಗೊತ್ತು, ವಾಲ್ವಿನ ಎರಕ ಗೊತ್ತಿಲ್ಲ, ನಾಲ್ಕರಲ್ಲಿ ಎರಡು ಫಿಲ್ಮ್ ತಪ್ಪು ಓದಿದ, ಪರೀಕ್ಷೆ ನಡೆಸಿದ್ದು ಈತ.

ಆಕೆ ಗದಿಗೆಪ್ಪನ ಕಡೆ ತಿರುಗಿದರು. “ಕೊವಾಲ್‌ಸ್ಕಿ ನಿಮ್ಮ ಕೆಲಸ ಮಾಡಬಲ್ಲರೇ?”

ಗದಿಗೆಪ್ಪ ಬಾಯಿ ತೆರೆಯುವ ಮೊದಲೇ ಪ್ರಾಣೇಶರು ಮೆಲ್ಲಗೆ, ಮುಖದಲ್ಲಿ ನಗು ಇಟ್ಟುಕೊಂಡೇ ಕನ್ನಡದಲ್ಲಿ ಅಂದರು: “ಯೋಚನೆ ಮಾಡಿ ಮಾತಾಡು. ಹೆಂಡ್ತಿ ಕರ್ಕೊಂಡು ಬಂದಿದೀಯ. ವಾಪಸ್ ಹೋಗೋ ಟಿಕೆಟ್ ನಾನು ಕೊಡ್ಸಲ್ಲ.”

“ಇಂಗ್ಲಿಷಿನಲ್ಲಿ ಮಾತನಾಡಿ” ಎಂದರು ಡೋಲನ್. “ಅವರು ಏನೆಂದರು?”

ಗದಿಗೆಪ್ಪನಿಗೆ ಒಂದು ಕ್ಷಣ ತಾನೂ ನಕ್ಕು, ಏನಿಲ್ಲ, ಅರ್ಥವಾಗಲಿಲ್ಲವೇ ಎಂದು ಕೇಳಿದರು ಎನ್ನೋಣ ಅನ್ನಿಸಿತು. ಪ್ರಾಣೇಶರು ಅದನ್ನೇ ನಂಬಿಕೊಂಡು ಆರಾಮಾಗಿ ಕೂತಿದ್ದರು. ಆ ಆರಾಮು ನೋಡಿ ಅವನ ಕಿವಿ ಬಿಸಿಯಾಯಿತು.

“ಯೋಚಿಸಿ ಉತ್ತರ ಕೊಡು, ನಿನ್ನ ಹೆಂಡತಿ ಇಲ್ಲಿದ್ದಾಳೆ ಎಂದರು” ಎಂದ. “ಕೊವಾಲ್‌ಸ್ಕಿ ನನ್ನ ಕೆಲಸ ಮಾಡಬಲ್ಲರು. ನಾಲ್ಕು ಫಿಲ್ಮನ್ನೂ ಸರಿಯಾಗಿ ಓದಿದರು.”

“ಇದನ್ನು ಹೇಳಿದರೆ ನಿಮಗೆ ಸರ್ಟಿಫಿಕೇಟ್ ಸಿಗುವುದಿಲ್ಲ, ಗೊತ್ತೇ?”

“ಗೊತ್ತು.”

ಆಕೆ ಬರೆದುಕೊಂಡರು. ಹೊಗಳಲಿಲ್ಲ, ಕನಿಕರವನ್ನೂ ತೋರಿಸಲಿಲ್ಲ. ವಿಟ್‌ಕಂಬ್ ಎದ್ದು ನಿಂತು, ಇದೆಲ್ಲ ಪ್ರಾಣೇಶರ ವಿಭಾಗದ ವಿಷಯ, ತನಗೇನೂ ತಿಳಿಯದು ಎಂದು ಹೇಳಿ ಆಕೆಗೆ ಬಾಗಿಲು ತೆರೆದ.

ದೂರು ಮುಂದೆ ಹೋಗದಿರಲೆಂದು ವಿಟ್‌ಕಂಬ್ ಒಪ್ಪಿದ್ದರಿಂದ ಮೇ ತಿಂಗಳಲ್ಲಿ ಕೊವಾಲ್‌ಸ್ಕಿ ಕೆಲಸಕ್ಕೆ ಸೇರಿದ. ಗದಿಗೆಪ್ಪನಿಗೆ, ಅವನಿಗೆ ಕೆಲಸ ಒಪ್ಪಿಸಿ ಹೋಗು ಎಂದರು. ಇಬ್ಬರೂ ಒಂದೇ ಬೆಳಕಿನ ಪೆಟ್ಟಿಗೆಯ ಎರಡು ಬದಿ ಕೂತು ಹಲವು ದಿನ ಕಳೆದರು. ಬೇಕಾದಷ್ಟೇ ಮಾತು. ಕೊನೆಯ ದಿನ ಕೊವಾಲ್‌ಸ್ಕಿ ಫಿಲ್ಮಿನಿಂದ ತಲೆ ಎತ್ತದೆ ಕೇಳಿದ: “ಆವತ್ತು ಯಾಕೆ ಹಾಗೆ ಹೇಳಿದೆ?”

“ಕೇಳಿದರು, ಹೇಳಿದೆ.”

“ನಾನಾಗಿದ್ದರೆ ಹೇಳುತ್ತಿರಲಿಲ್ಲ” ಎಂದು ಕೊವಾಲ್‌ಸ್ಕಿ ಮುಂದಿನ ಫಿಲ್ಮ್ ಎತ್ತಿಕೊಂಡ.

ಪ್ರಾಣೇಶರ ಕೆಲಸ ಹೋಗಲಿಲ್ಲ. ವಿಟ್‌ಕಂಬ್ ಬೈದನಂತೆ, ಅಷ್ಟೆ. ಆದರೆ ಅಲಮೇಲು ಅವರು ಶೈಲಮ್ಮನಿಗೆ ಫೋನ್ ಮಾಡಿದರು. “ನಮ್ಮನೇಲಿ ಊಟ ಮಾಡಿ ನಮ್ಮೋರ ತಲೆ ಮೇಲೇ ಕೈ ಇಟ್ರಲ್ಲ ನಿಮ್ಮನೆಯವರು. ಇಲ್ಲಿರೋದೇ ನಾಲ್ಕು ಕನ್ನಡದ ಮನೆ. ಬಿಳಿಯನ ಕಡೆ ಸಾಕ್ಷಿ ಹೇಳಿದ್ರಲ್ಲ.”

“ಊಟಕ್ಕ ಮೊದ್ಲ ಎಷ್ಟ ಭಾನುವಾರ ದುಡಿದಾರ, ನೀವ ಲೆಕ್ಕ ಹಾಕ್ರೀ ಅಕ್ಕಾರ” ಎಂದು ಶೈಲಮ್ಮ ಫೋನ್ ಇಟ್ಟಳು. ಆಮೇಲೆ ಬಚ್ಚಲುಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು, ಗದಿಗೆಪ್ಪನಿಗೆ ಕೇಳಿಸಿತು. ಆ ವರ್ಷ ಗಣೇಶನ ಹಬ್ಬಕ್ಕೆ ಒಂದು ಶಾಲೆಯ ಸಭಾಂಗಣದಲ್ಲಿ ಕನ್ನಡದವರೆಲ್ಲ ಸೇರಿದಾಗ ಅವರಿಗೆ ಹೇಳಿಕಳಿಸಲಿಲ್ಲ. ಮುಂದಿನ ವರ್ಷ ಹೇಳಿಕಳಿಸಿದರು, ಇವರು ಹೋಗಲಿಲ್ಲ.

ಊರಿಗೆ ಹೋಗುವುದೊಂದು ತಪ್ಪಿತು. ಹಳೆಯ ಪ್ರಾಧ್ಯಾಪಕರೊಬ್ಬರು ಹೇಳಿದ ಮಾತಿನಿಂದ, ಪಿಸ್ಕಾಟವೇಯ ವಿಶ್ವವಿದ್ಯಾಲಯದಲ್ಲಿ ಗದಿಗೆಪ್ಪನಿಗೆ ಡಾಕ್ಟರೇಟಿಗೆ ಜಾಗ ಸಿಕ್ಕಿತು. ಮೂವತ್ತು ದಾಟಿದವನು ಮತ್ತೆ ಚೀಲ ಹೆಗಲಿಗೆ ಹಾಕಿಕೊಂಡು ವಿದ್ಯಾರ್ಥಿಯಾದ. ಪ್ರತಿ ವರ್ಷ ವೀಸಾ ಮುಂದುವರಿಸಲು, ಓದು ಮುಗಿದ ಮೇಲೆ ವಾಪಸು ಹೋಗುವ ಉದ್ದೇಶವಿದೆಯೇ ಎಂದು ಕೇಳುತ್ತಿದ್ದರು, ಇದೆ ಎನ್ನಬೇಕಿತ್ತು. ಖರ್ಚಿಗೆಂದು ಪಾಠ ಮಾಡುತ್ತಿದ್ದ ತರಗತಿಯ ಹುಡುಗರು ಅವನ ಉಚ್ಚಾರ ಅನುಕರಿಸುವುದನ್ನು ಹಲಗೆಯ ಕಡೆ ಮುಖ ಮಾಡಿ ನಿಂತೇ ಕೇಳಿದ. ವಿದ್ಯಾರ್ಥಿಗಳ ಮನೆಗಳ ಸಾಲಿನಲ್ಲಿ ಮೇಲಿನ ಮನೆಯವನು ಒಗ್ಗರಣೆಯ ವಾಸನೆ ಎಂದು ವಾರಕ್ಕೊಮ್ಮೆ ದೂರು ಕೊಡುತ್ತಿದ್ದ. ಅವನಿಗೂ ಗದಿಗೆಪ್ಪ ಕ್ಷಮೆ ಕೇಳುತ್ತಿದ್ದ. ದಾಖಲೆ ಚೊಕ್ಕವಿರಬೇಕು, ಯಾರೂ ಯಾವ ಕಚೇರಿಗೂ ಅವನ ಹೆಸರು ಹಿಡಿದು ಹೋಗಬಾರದು. ಮಗಳು ಹುಟ್ಟಿದ್ದು ಆ ಮನೆಯಲ್ಲೇ. ಅವಳೊಬ್ಬಳೇ ಆ ಮನೆಯಲ್ಲಿ ಏನನ್ನೂ ರುಜುವಾತು ಮಾಡಬೇಕಿಲ್ಲದ ಅಮೆರಿಕನ್.

೧೯೭೪ರಲ್ಲಿ ಪಾರ್ಸಿಪನಿಯ ಒಂದು ಸಲಹಾ ಕಂಪನಿ ಅವನನ್ನು ಕರೆಯಿತು. ಎಲ್ಲೆಲ್ಲೂ ಅಣುವಿದ್ಯುತ್ ಸ್ಥಾವರಗಳು ಏಳುತ್ತಿದ್ದವು, ಅವುಗಳ ಕೊಳವೆಗಳ ಬೆಸುಗೆ ಪರೀಕ್ಷಿಸಲು ಜನ ಬೇಕಾಗಿತ್ತು. ಮತ್ತೆ ಜಾಹೀರಾತು ಹಾಕಿದರು. ಈ ಸಲ ನಿಜಕ್ಕೂ ಯಾರೂ ಬರಲಿಲ್ಲ. ಸರ್ಟಿಫಿಕೇಟ್ ಬಂತು, ಮರುವರ್ಷ ವಲಸೆ ಕಚೇರಿಯಿಂದ ನ್ಯೂವಾರ್ಕಿನಲ್ಲಿ ಸಂದರ್ಶನಕ್ಕೆ ಕರೆ ಬಂತು.

ಅಧಿಕಾರಿ ತೆಳ್ಳಗಿನ ಮನುಷ್ಯ, ಶರ್ಟಿನ ತೋಳು ಮಡಿಸಿದ್ದ. ಶೈಲಮ್ಮ ತೊಡೆಯ ಮೇಲೆ ಮಗಳನ್ನು ಕೂರಿಸಿಕೊಂಡಿದ್ದಳು. ಮಗು ಗಲಾಟೆ ಮಾಡದಿರಲೆಂದು ಅದರ ಕೈಗೆ ತನ್ನ ಬಳೆ ಕೊಟ್ಟಿದ್ದಳು. ಅಧಿಕಾರಿ ಬಹಳ ಹೊತ್ತು ಫೈಲಿನ ಹಾಳೆ ತಿರುವಿದ.

“ನೀವು ಪ್ರತಿ ವರ್ಷವೂ ವಾಪಸು ಹೋಗುತ್ತೇನೆ ಎಂದು ಹೇಳಿದ್ದೀರಿ.”

“ಹೌದು.”

“ಹೋಗಲಿಲ್ಲ.”

“ಇಲ್ಲ.”

“೧೯೭೧ರಲ್ಲಿ ನಿಮ್ಮ ಕೆಲಸ ಮಾಡಲು ಅರ್ಹ ಅಮೆರಿಕನ್ ಇದ್ದಾನೆ ಎಂದು ನೀವೇ ಹೇಳಿಕೆ ಕೊಟ್ಟಿದ್ದೀರಿ. ಈಗ ಯಾರೂ ಇಲ್ಲ ಎನ್ನುತ್ತೀರಿ. ಸುಳ್ಳು ಹೇಳಿದ್ದು ಆಗಲೋ, ಈಗಲೋ?”

ಶೈಲಮ್ಮ ಗಂಡನ ಕಡೆ ನೋಡಿದಳು. ಆ ಹೇಳಿಕೆ ಇಷ್ಟು ವರ್ಷದ ಮೇಲೆ ತಮ್ಮ ಕಡೆಗೇ ತಿರುಗಿ ನಿಲ್ಲುತ್ತದೆ ಎಂದು ಅವರಿಬ್ಬರೂ ಎಣಿಸಿರಲಿಲ್ಲ.

“ಆಗ ಒಬ್ಬರು ಸಿಕ್ಕಿದ್ದರು. ಈಗ ಸಿಕ್ಕಿಲ್ಲ. ಕೆಲಸವೂ ಬೇರೆ.”

“ಸಿಕ್ಕಿದ್ದರೆ?”

“ಸಿಕ್ಕಿದ್ದಾರೆ ಎನ್ನುತ್ತಿದ್ದೆ.”

“ಅದಕ್ಕಾಗಿ ನಾನು ನಿಮ್ಮನ್ನು ಮೆಚ್ಚಬೇಕೇನು?”

“ಬೇಕಿಲ್ಲ” ಎಂದ ಗದಿಗೆಪ್ಪ. “ನನಗೆ ಅರ್ಹತೆ ಇದೆಯೋ ಇಲ್ಲವೋ ಅಷ್ಟು ಹೇಳಿ.”

ಅಧಿಕಾರಿ ಅವನನ್ನು ನೋಡಿದ, ಮಗುವನ್ನು ನೋಡಿದ. ಡಿಗ್ರಿಗಳ ಬಗ್ಗೆ, ತೆರಿಗೆಯ ಬಗ್ಗೆ, ಯಾವುದಾದರೂ ಪಕ್ಷಕ್ಕೆ ಸೇರಿದ್ದಿರಾ ಎಂಬುದರ ಬಗ್ಗೆ ಇನ್ನಷ್ಟು ಕೇಳಿದ. ಕೊನೆಗೆ ಒಂದು ಮೊಹರು ಎಳೆದುಕೊಂಡು ಎರಡು ಕಡೆ ಒತ್ತಿದ. “ಮಂಜೂರಾಗಿದೆ. ಕಾರ್ಡ್ ಅಂಚೆಯಲ್ಲಿ ಬರುತ್ತದೆ. ಮುಂದಿನವರನ್ನು ಕಳಿಸಿ.”

ಹೊರಗೆ ಬಂದರು. ಕಾರು ನಿಲ್ಲಿಸಿದ್ದ ಬೀದಿಗೆ ಬಂದರೆ, ಬ್ರೆಡ್ಡಿನ ವ್ಯಾನೊಂದು ಅವರ ಕಾರಿಗೆ ಅಡ್ಡ ನಿಂತಿತ್ತು. ಚಾಲಕ ಪಕ್ಕದ ಅಂಗಡಿಯ ಬಾಗಿಲಲ್ಲಿ ನಿಂತು ಸಿಗರೇಟು ಸೇದುತ್ತಿದ್ದ. ಗದಿಗೆಪ್ಪ ತೆಗೆಯಿರಿ ಎಂದ. ಅವನು, ಐದು ನಿಮಿಷ ತಡಿ ಎಂದ.

ಗದಿಗೆಪ್ಪ ವ್ಯಾನಿನ ಬಾನೆಟ್ಟಿಗೆ ಅಂಗೈಯಿಂದ ಬಡಿದ. ಬಡಿಯುತ್ತಾ ಬೈಯತೊಡಗಿದ. ಮೊದಲು ಇಂಗ್ಲಿಷಿನಲ್ಲಿ, ಅದು ಸಾಲದೆ ರಾಣೆಬೆನ್ನೂರಿನ ಸಂತೆಯಲ್ಲಿ ಕೇಳುವ ಮಾತಿನಲ್ಲಿ. ಅವನ ದನಿ ಒಡೆಯಿತು. ದಾರಿಹೋಕರು ನಿಂತರು. ಚಾಲಕನೂ ಕೈ ಬೀಸಿ ಬೈದ, ನಿನ್ನ ದೇಶಕ್ಕೆ ಹೋಗು ಎಂದ, ಸಿಗರೇಟು ಎಸೆದು ವ್ಯಾನ್ ತೆಗೆದ. ವ್ಯಾನ್ ಹೋದ ಮೇಲೂ ಗದಿಗೆಪ್ಪ ರಸ್ತೆಯ ನಡುವೆ ನಿಂತು ಬೈಯುತ್ತಲೇ ಇದ್ದ. ಅದರಲ್ಲಿ ಪ್ರಾಣೇಶರ ಹೆಸರಿತ್ತು, ಮೇಲಿನ ಮನೆಯವನಿದ್ದ, ವಿಟ್‌ಕಂಬ್ ಇದ್ದ.

ಶೈಲಮ್ಮ ಮಗುವಿನ ತಲೆಯನ್ನು ಹೆಗಲಿಗೆ ಒತ್ತಿಕೊಂಡು ಕಾದಳು. ಅವನು ಬಂದು ಕಾರಿನಲ್ಲಿ ಕೂತು ಕೀಲಿ ಹಾಕಲು ಹೋದ. ಹಾಕುತ್ತಿದ್ದದ್ದು ಮನೆಯ ಕೀಲಿ.

“ಇಷ್ಟ ವರ್ಷ ಎಲ್ಲಿಟ್ಟಿದ್ರಿ ಇದನ್ನೆಲ್ಲಾ?” ಎಂದಳು.

“ನನಗ ಗೊತ್ತಿಲ್ಲ.”

ಅವಳು ಅವನ ಬದಿಯ ಬಾಗಿಲು ತೆಗೆದು, ಮಗುವನ್ನು ಅವನ ತೊಡೆಯ ಮೇಲಿಟ್ಟು, “ಸರೀರಿ ಆಕಡೆ” ಎಂದಳು. ಪಿಸ್ಕಾಟವೇಗೆ ಬಂದ ಮೇಲೆ ಅವಳೂ ಡ್ರೈವಿಂಗ್ ಕಲಿತಿದ್ದಳು. ರೂಟ್ ಇಪ್ಪತ್ತೆರಡರ ಹೆದ್ದಾರಿಗೆ ಸೇರುವವರೆಗೂ ಅವನು ಬೈಯುತ್ತಿದ್ದ, ಆದರೆ ದನಿ ತಗ್ಗಿತ್ತು. ಅವಳು ತಡೆಯಲಿಲ್ಲ. ಕನ್ನಡಿಯಲ್ಲಿ ಹಿಂದಿನ ಲಾರಿ ನೋಡಿಕೊಂಡು ಪಕ್ಕದ ಸಾಲಿಗೆ ಸರಿದಳು.